ದೋಣಿಗೊಂದು ನೆಲುವು

ಆಕ್ಲೆಂಡಿನಲ್ಲಿ ಮಧ್ಯಾಹ್ನದ ಊಟದ ಹೊತ್ತಾದರೆ ನಮ್ಮ ಸಿಂಗಟಾಲೂರಿನಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಆರೂವರೆ ತಾಸು ಮುಂದೆ, ಅವರ ಬೇಸಿಗೆಯಲ್ಲಿ ಏಳೂವರೆ ತಾಸು. ಅಕ್ಕನ ಮಗನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವನು ಫೋನು ಮಾಡುವುದು ತನ್ನ ಊಟದ ಬಿಡುವಿನಲ್ಲಿಯೇ. ಅಂದೂ ಹಾಗೆಯೇ ಮಾಡಿದ. ಹಾಸಿಗೆಯಲ್ಲಿ ಮಗ್ಗುಲಾಗಿ ಫೋನು ಕಿವಿಗೆ ಹಚ್ಚಿಕೊಂಡರೆ ಕ್ಷೇಮಸಮಾಚಾರ ಇಲ್ಲ, ಮಳೆ-ಬೆಳೆ ಇಲ್ಲ. ಎತ್ತಿದ ಬಾಯಿಗೆ, "ಮಾಮಾ, ಗದಗಿನ್ಯಾಗ ಛಲೋ ವೆಲ್ಡಿಂಗ್ ಮಾಡೋರು ಯಾರರ ಅದಾರೇನು?" ಎಂದ.

"ಯಾಕಪಾ, ಗೇಟು ಮಾಡಸ್ತೀಯೇನು?"

"ಅಲ್ಲ, ಡೇವಿಟ್ ಮಾಡಸಬೇಕು."

ನನಗೆ ಕೇಳಿಸಿದ್ದು ಡೇವಿಡ್. ಚಹಾಕ್ಕೆ ನೀರಿಡುತ್ತಿದ್ದ ಹೆಂಡತಿಗೆ ಕೇಳಿಸಿದ್ದೂ ಅದೇ. ಹುಡುಗ ಅಲ್ಲಿ ಯಾರೊಂದಿಗೋ ಜಗಳ ತೆಗೆದಿದ್ದಾನೆ, ಅವನನ್ನು ಏನೋ 'ಮಾಡಿಸಬೇಕು' ಅನ್ನುತ್ತಿದ್ದಾನೆ ಎಂದು ಅವಳು ಒಲೆ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಂತಳು. ಅದು ಮನುಷ್ಯನಲ್ಲ, ದೋಣಿಯ ಸಾಮಾನು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವನ ಬಿಡುವು ಮುಗಿದಿತ್ತು.

ಹುಡುಗ ಹೋದ ವರ್ಷ ಒಂದು ಹಾಯಿದೋಣಿ ಕೊಂಡಿದ್ದ. ಸೆಕೆಂಡ್ ಹ್ಯಾಂಡ್, ಮೂವತ್ತನಾಲ್ಕು ಅಡಿ, ವಯಸ್ಸಿನಲ್ಲಿ ಅವನಿಗಿಂತ ಹಿರಿಯದು. ಆ ಊರಿಗೆ ಹಾಯಿಗಳ ನಗರ ಎಂದೇ ಅಡ್ಡಹೆಸರಂತೆ. ಹುಬ್ಬಳ್ಳಿಯಲ್ಲಿರುವ ಅಕ್ಕ, "ಮನಿ ತಗೋ ಅಂದ್ರ ದೋಣಿ ತಗೊಂಡಾನ" ಎಂದು ತಿಂಗಳೊಪ್ಪತ್ತು ಅವನ ಫೋನು ಎತ್ತಲಿಲ್ಲ. ನಾನು ಎತ್ತಿದೆ. ಅದರ ಫಲವಾಗಿ ದೋಣಿಯ ಕಷ್ಟಸುಖಗಳೆಲ್ಲ ನನ್ನ ಪಾಲಿಗೆ ಬಂದವು.

ಡೇವಿಟ್ ಎಂದರೆ ಏನೆಂದು ನನಗೆ ತಿಳಿದದ್ದು ಅವನು ವಾಟ್ಸಾಪಿಗೆ ಕಳಿಸಿದ ಚಿತ್ರದಿಂದ. ದೊಡ್ಡ ದೋಣಿಯ ಹಿಂಬದಿಯಲ್ಲಿ ಕೊಕ್ಕರೆಯ ಕತ್ತಿನಂತೆ ಬಾಗಿದ ಎರಡು ಉಕ್ಕಿನ ತೋಳುಗಳು ನೀರಿನ ಮೇಲಕ್ಕೆ ಚಾಚಿಕೊಂಡಿವೆ. ಒಂದೊಂದು ತೋಳಿನ ತುದಿಯಿಂದ ರಾಟೆ, ಹಗ್ಗ. ಆ ಎರಡು ಹಗ್ಗಗಳ ನಡುವೆ, ನೀರಿನಿಂದ ನಾಲ್ಕು ಅಡಿ ಮೇಲೆ, ಒಂದು ಪುಟ್ಟ ದೋಣಿ ತೂಗಿಕೊಂಡಿದೆ. ಅವ್ವನಿಗೆ ಎಂಬತ್ತೇಳು. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ನೆಲುವು ಅನ್ರಿ ಹಂಗಾರ" ಎಂದು ತಿರುಗಿ ಕೊಟ್ಟಳು.

ಅವ್ವ ಒಂದೇ ಮಾತಿನಲ್ಲಿ ಹೇಳಿದ್ದನ್ನು ಹುಡುಗ ಹದಿನೈದು ದಿನ ಇಂಗ್ಲಿಷಿನಲ್ಲಿ ಹೇಳಿದ. ನೆಲುವು ಈಗಿನ ಮನೆಗಳಲ್ಲಿ ಇಲ್ಲ. ಫ್ರಿಜ್ಜು ಬಂದ ಮೇಲೆ ಅದು ಜಂತಿಯಿಂದ ಇಳಿಯಿತು. ಪುಂಡಿ ನಾರಿನ ಹಗ್ಗದಿಂದ ಹೆಣೆದ ಮೂರು-ನಾಲ್ಕು ಎಳೆಯ ಜೋಳಿಗೆ, ಅದರೊಳಗೆ ಒಂದರ ಮೇಲೊಂದು ಹಾಲಿನ ಗಡಿಗೆ, ಮೊಸರಿನ ಗಡಿಗೆ, ಬೆಣ್ಣೆಯ ಗಿಂಡಿ. ಕೆಳಗೆ ಬೆಕ್ಕು. ಬೆಕ್ಕಿಗೆ ಎಟುಕಬಾರದು, ಅವ್ವನಿಗೆ ಎಟುಕಬೇಕು. ಇಡೀ ನೆಲುವಿನ ಶಾಸ್ತ್ರ ಇಷ್ಟೇ. ಅದಕ್ಕೆ ಯಾರೂ ದುಡ್ಡು ಕೊಟ್ಟದ್ದು ನನಗೆ ನೆನಪಿಲ್ಲ. ಅಜ್ಜ ಅಮಾವಾಸ್ಯೆಯ ದಿನ, ಗಳೇವು ಕಟ್ಟದೆ ಖಾಲಿ ಕೂತಾಗ ಹೆಣೆದು ಕೊಡುತ್ತಿದ್ದ. ನೆಲುವು ಪುಕ್ಕಟೆ ಎಂದೇ ಎಷ್ಟೋ ವರ್ಷ ತಿಳಿದಿದ್ದೆ. ಈ ಡೇವಿಟ್ಟಿನ ಗದ್ದಲದಲ್ಲಿಯೇ ನನಗೆ ಹೊಳೆದದ್ದು, ಪುಕ್ಕಟೆ ಇದ್ದದ್ದು ಹಗ್ಗ ಮಾತ್ರ. ಜಂತಿಗೆ ಅಜ್ಜನ ಅಪ್ಪ ದುಡ್ಡು ಕೊಟ್ಟಿದ್ದ. ನೆಲುವಿನ ಭಾರ ಹೊರುತ್ತಿದ್ದದ್ದು ಹಗ್ಗವೂ ಅಲ್ಲ, ಜಂತಿಯೂ ಅಲ್ಲ, ಆ ಜಂತಿಯನ್ನು ಹೊತ್ತ ಮೂರು ಅಡಿ ದಪ್ಪದ ಮಣ್ಣಿನ ಗೋಡೆ. ಹುಡುಗನ ದೋಣಿಯಲ್ಲಿ ಜಂತಿಯೂ ಇಲ್ಲ, ಗೋಡೆಯೂ ಇಲ್ಲ. ಗಾಳಿಯಲ್ಲಿ ಜಂತಿ ಹುಟ್ಟಿಸಬೇಕಿತ್ತು. ಅದಕ್ಕೇ ಬೆಲೆ.

ದೋಣಿಗೊಂದು ದೋಣಿ ಯಾಕೆ ಎಂಬುದು ನನ್ನ ಹೆಂಡತಿಯ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಹಾಯಿದೋಣಿಯ ತಳದಲ್ಲಿ ಭಾರದ ಕೀಲು ಆಳಕ್ಕೆ ಇಳಿದಿರುತ್ತದೆ. ಗಾಳಿ ಹಾಯಿಯನ್ನು ಒಂದು ಕಡೆ ತಳ್ಳಿದಾಗ ದೋಣಿ ಮಗುಚದಂತೆ ಹಿಡಿಯುವುದು ಅದೇ, ದಂಡೆಯ ಹತ್ತಿರ ಬರಗೊಡದಿರುವುದೂ ಅದೇ. ಹೀಗಾಗಿ ದೊಡ್ಡ ದೋಣಿ ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲಬೇಕು. ಹಾಲು, ತರಕಾರಿ, ಡೀಸೆಲ್ಲು, ಕುಡಿಯುವ ನೀರು ತರಲು ಚಿಕ್ಕ ದೋಣಿಯಲ್ಲಿ ದಂಡೆಗೆ ಹೋಗಿಬರಬೇಕು. ಆ ಚಿಕ್ಕದಕ್ಕೆ ಡಿಂಗಿ ಎನ್ನುತ್ತಾರೆ. ನಮ್ಮ ಹಿಂದಿಯ, ಬಂಗಾಲಿಯ ಡೋಂಗಿ, ಡಿಂಗಿಗಳೇ ಇಂಗ್ಲಿಷರ ಹಡಗು ಹತ್ತಿ ಹೋಗಿ ಹಾಗಾದದ್ದು.

ಸಾಗುವಾಗ ಆ ಡಿಂಗಿಯನ್ನು ಹಗ್ಗ ಕಟ್ಟಿ ಹಿಂದೆ ಎಳೆದುಕೊಂಡು ಹೋಗಬಹುದು, ಚಕ್ಕಡಿಯ ಹಿಂದೆ ಕರು ಕಟ್ಟಿಕೊಂಡು ಹೋದ ಹಾಗೆ. ಸಮುದ್ರ ಶಾಂತವಾಗಿದ್ದರೆ ಕರುವೂ ಶಾಂತ. ಹಿಂದಿನಿಂದ ತೆರೆ ಎದ್ದರೆ ಡಿಂಗಿ ತೆರೆಯ ಬೆನ್ನೇರಿ ಬಂದು ದೊಡ್ಡ ದೋಣಿಗೆ ಹಾಯುತ್ತದೆ. ಹಿಂದಕ್ಕೆ ಬರುವಾಗ ಹಗ್ಗ ಸಡಿಲಾಗಿ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ದಿನಗಟ್ಟಲೆ ನೀರಿನಲ್ಲಿ ಬಿಟ್ಟರೆ ಹೊಟ್ಟೆಗೆ ಪಾಚಿ ಮತ್ತು ಕಲ್ಲಿನಂಥ ಚಿಪ್ಪುಹುಳ ಹತ್ತುತ್ತವೆ. ರಾತ್ರಿ ಬಿಟ್ಟರೆ ಕಳ್ಳರು. ಕೆರಿಬಿಯನ್ ದ್ವೀಪಗಳ ಕಡೆಯ ನಾವಿಕರಲ್ಲಿ ಡಿಂಗಿಯನ್ನು ರಾತ್ರಿ ಎತ್ತದವನು ಬೆಳಿಗ್ಗೆ ಹುಡುಕುತ್ತಾನೆ ಎಂಬರ್ಥದ ಗಾದೆಯೇ ಇದೆಯಂತೆ. ಅಂದಮೇಲೆ ಅಲ್ಲಿಯೂ ಕೆಳಗೆ ಬೆಕ್ಕು ಇದೆ.

ಸರಿ, ಕೊಂಡುಬಿಡು ಎಂದೆ. ಆಗ ಬೆಲೆ ಹೇಳಿದ. ಅಮೆರಿಕದ ಒಳ್ಳೆಯ ಕಂಪನಿಯ ಒಂದು ಜೊತೆ ಡೇವಿಟ್ಟಿಗೆ, ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿದರೆ, ಡಿಂಗಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗುತ್ತದೆ. ನಮ್ಮಲ್ಲಿ ಆನೆ ಮಾರಿ ಅಂಕುಶಕ್ಕೆ ಜಗಳಾಡಿದವರ ಮಾತಿದೆ. ಇಲ್ಲಿ ಅಂಕುಶವೇ ಆನೆಗಿಂತ ತುಟ್ಟಿ. ಅದಕ್ಕೇ ಅವನಿಗೆ ಗದಗಿನ ವೆಲ್ಡಿಂಗ್ ಅಂಗಡಿ ನೆನಪಾದದ್ದು. ಪೈಪು ಅಗ್ಗ, ಕೂಲಿ ಅಗ್ಗ, ಮಾಮಾ ಪುಕ್ಕಟೆ. ದೀಪಾವಳಿಗೆ ಊರಿಗೆ ಬಂದಾಗ ಮೂರು ತುಂಡು ಮಾಡಿಸಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದ. ವಿಮಾನದ ಒಂದು ಬ್ಯಾಗಿಗೆ ಇಪ್ಪತ್ಮೂರು ಕಿಲೋ ಎಂದು ಕೇಳಿದ್ದೇ ಅವ್ವನಿಗೆ ಚಿಂತೆ ಹತ್ತಿತು. "ಪೈಪ ಇಟ್ರ ಶೇಂಗಾ ಹಿಂಡಿ ಎಲ್ಲೆ ಇಡ್ತಾನ?"

ಅವನು ಕಳಿಸಿದ ನಕ್ಷೆಯನ್ನು ಮುಂಡರಗಿಯಲ್ಲಿ ಪ್ರಿಂಟು ತೆಗೆಸಿಕೊಂಡು ಗದಗಿನ ಬಸ್ಸು ಹತ್ತಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ರಾಟೆಯ ಪಾಠವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎರಡೆರಡು ಗಾಲಿಯ ಎರಡು ರಾಟೆಗಳ ನಡುವೆ ನಾಲ್ಕು ಎಳೆ ಹಗ್ಗ ಓಡಿದರೆ ಭಾರ ನಾಲ್ಕನೆಯ ಒಂದು ಪಾಲಾಗುತ್ತದೆ. ಬದಲಿಗೆ ಒಂದು ಅಡಿ ಎತ್ತಲು ನಾಲ್ಕು ಅಡಿ ಹಗ್ಗ ಎಳೆಯಬೇಕು. ಪುಕ್ಕಟೆ ಏನೂ ಇಲ್ಲ ಎಂದು ಹುಡುಗರ ಮುಂದೆ ಬೀಗುತ್ತಿದ್ದೆ. ಆದರೆ ಶಾಲೆಯ ರಾಟೆಗೆ ನಾನು ಕಟ್ಟುತ್ತಿದ್ದದ್ದು ಐವತ್ತು ಗ್ರಾಂ ತೂಕದ ಕಲ್ಲು. ಅದು ಎಂದೂ ಅತ್ತಿತ್ತ ತೂಗಾಡಿದ್ದಿಲ್ಲ, ಮಳೆಯಲ್ಲಿ ನೆನೆದದ್ದಿಲ್ಲ.

ಡಂಬಳದ ಹತ್ತಿರ ಬಸ್ಸು ನಿಂತಾಗ ಕಿಟಕಿಯಿಂದ ಕಪ್ಪತಗುಡ್ಡದ ಗಾಳಿಗಿರಣಿಗಳು ಕಂಡವು. ನಮ್ಮ ಕಡೆ ಗಾಳಿಗೇನೂ ಬರವಿಲ್ಲ, ಹಾಯಿ ಮಾತ್ರ ಇಲ್ಲ. ಇದೇ ಡಂಬಳದ ಕೋಟೆಯನ್ನು 1800ರ ಜುಲೈಯಲ್ಲಿ ಆರ್ಥರ್ ವೆಲ್ಲೆಸ್ಲಿ ಹಿಡಿದ. ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿ ಹೆಸರಾದವನು, ಆಗಿನ್ನೂ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನು ಹತ್ತಿ ನಮ್ಮ ಸೀಮೆಯ ಧೂಳು ತಿನ್ನುತ್ತಿದ್ದ ಕರ್ನಲ್. ಅವನ ಕಾಲದ ಪತ್ರಗಳಲ್ಲಿ ಬುಟ್ಟಿದೋಣಿಗಳ ಮಾತು ಮೇಲಿಂದ ಮೇಲೆ ಬರುತ್ತದೆ: ಎಷ್ಟು ಬೇಕು, ಎಲ್ಲಿ ಹೆಣೆಸಬೇಕು, ಚರ್ಮ ಎಲ್ಲಿಂದ ತರಬೇಕು ಎಂದು. ಹೊಳೆಗಳನ್ನು ದಾಟದೆ ದಂಡು ಮುಂದೆ ಹೋಗುವಂತಿರಲಿಲ್ಲ. ಅವನ ದೋಣಿಗಳಿಗೆ ಡೇವಿಟ್ ಬೇಕಿರಲಿಲ್ಲ ಎಂದುಕೊಂಡೆ. ಬೇಕಿರಲಿಲ್ಲ ಯಾಕೆ ಎಂದು ಅಂದು ವಿಚಾರ ಮಾಡಲಿಲ್ಲ. ಮಾಡಿದ್ದರೆ ಬಸ್ಸಿನ ಚಾರ್ಜು ಉಳಿಯುತ್ತಿತ್ತು.

ಬೆಟಗೇರಿ ಕಡೆಯ ಆ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಟ್ರೇಲರು, ಕುಂಟೆ, ಕೂರಿಗೆ, ಮನೆಯ ಗ್ರಿಲ್ಲು ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಮಾಲೀಕನಿಗೆ ಐವತ್ತರ ಹತ್ತಿರ ವಯಸ್ಸು. ಕಪ್ಪು ಗಾಜಿನ ಕನ್ನಡಕ ಮೇಲೆತ್ತಿ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೋರವೆಲ್ಲಿನ ಪಂಪು ಎತ್ತುವ ಸ್ಟ್ಯಾಂಡೇ ಎಂದು ಕೇಳಿದ. ಅಲ್ಲ ಎಂದು ಕಥೆ ಹೇಳಿದೆ. ಅವನು ನಗಲಿಲ್ಲ. ಈ ಕಸುಬಿನವರು ಹಾಗೇ. ವಸ್ತು ಎಷ್ಟು ವಿಚಿತ್ರವಾಗಿದ್ದರೂ ಅವರಿಗೆ ಅದು ಇಷ್ಟು ಪೈಪು, ಇಷ್ಟು ಬೆಂಡು, ಇಷ್ಟು ಜೋಡಣೆ.

ಸ್ಟೀಲಿನ ವಿಚಾರದಲ್ಲಿ ಅವನು ನನಗೆ ಪಾಠ ಮಾಡಿದ. ನಮ್ಮ ಊರುಗಳಲ್ಲಿ ಬಾಲ್ಕನಿಗೆ, ಮೆಟ್ಟಿಲಿಗೆ ಹಾಕುವ ಥಳಥಳ ಪೈಪು ಬಹುಪಾಲು 202 ನಂಬರಿನದು, ಸ್ವಲ್ಪ ದುಡ್ಡಿದ್ದವರದು 304. ಉಪ್ಪುನೀರಿನಲ್ಲಿ ಎರಡೂ ಬಾಳುವುದಿಲ್ಲ; ಅಲ್ಲಿ 316 ಬೇಕು, ಅದರಲ್ಲಿ ಮಾಲಿಬ್ಡಿನಂ ಬೆರೆತಿರುತ್ತದೆ. ಅಯಸ್ಕಾಂತ ಹತ್ತದಿದ್ದರೆ ಒಳ್ಳೆಯ ಸ್ಟೀಲು ಎಂದು ನಾನೂ ತರಗತಿಯಲ್ಲಿ ಹೇಳಿದ್ದೆ. ಅವನು ಜೇಬಿನಿಂದ ಅಯಸ್ಕಾಂತದ ತುಂಡು ತೆಗೆದು 202ಕ್ಕೆ ಹಿಡಿದು ತೋರಿಸಿದ. ಹತ್ತಲಿಲ್ಲ. "ಇದಕ್ಕೂ ಹತ್ತಂಗಿಲ್ಲ ನೋಡ್ರಿ ಸರ. ಈ ಕಲ್ಲು ನಂಬಿ ಭಾಳ ಮಂದಿ ಮೋಸ ಹೋಗ್ಯಾರ." 316 ಬೇಕಾದರೆ ತರಿಸಬೇಕು, ಆರ್ಗನ್ ವೆಲ್ಡಿಂಗೇ ಮಾಡಬೇಕು, ಬೆಸುಗೆಯ ಸುತ್ತಲಿನ ಕಪ್ಪು ಕಲೆ ಆಸಿಡ್ ಹಚ್ಚಿ ತೆಗೆಯಬೇಕು, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಸುರು ಎಂದ. ಅವನು ಸಮುದ್ರವನ್ನು ನೋಡಿದ್ದು ಒಮ್ಮೆ, ಗೋಕರ್ಣಕ್ಕೆ ಹೋದಾಗ.

ಆಮೇಲೆ ಕೇಳಿದ: "ಎಷ್ಟು ವಜ್ಜಾ ಹೊರಬೇಕ್ರಿ ಇದು?"

ನಾನು ನಕ್ಷೆ ನೋಡಿ ಹೇಳಿದೆ. ಗಟ್ಟಿ ತಳದ ರಬ್ಬರು ಡಿಂಗಿ ಅರವತ್ತು ಕಿಲೋ, ಹದಿನೈದು ಹಾರ್ಸ್‌ಪವರಿನ ಎಂಜಿನು ಐವತ್ತು, ಪೆಟ್ರೋಲಿನ ಟ್ಯಾಂಕು ಇಪ್ಪತ್ತು. ಒಟ್ಟು ನೂರಾ ಮೂವತ್ತು.

"ಖಾಲೀದೋ ತುಂಬಿದ್ದೋ?"

"ಅದರಾಗ ಏನು ತುಂಬತಾರ? ತೂಗುಬಿಟ್ಟ ದೋಣಿ ಅದು."

"ಮಳಿ ಬರಂಗಿಲ್ಲೇನ್ರಿ ಅಲ್ಲೆ?"

ನಾನು ಉತ್ತರ ಕೊಡದೆ ನಕ್ಷೆಯ ಹಿಂದೆ ಲೆಕ್ಕ ಬರೆದೆ. ಡಿಂಗಿಯ ಒಳಗು ಎರಡು ಮೀಟರು ಉದ್ದ, ಮುಕ್ಕಾಲು ಮೀಟರು ಅಗಲ, ಕಾಲು ಮೀಟರು ಆಳ. ಗುಣಿಸಿದರೆ 375 ಲೀಟರು, ಅಂದರೆ ಅಷ್ಟೇ ಕಿಲೋ. ಮೊದಲಿನದಕ್ಕೆ ಕೂಡಿಸಿದರೆ ಐದು ಕ್ವಿಂಟಲ್ ದಾಟಿತು. ಐದು ಚೀಲ ಜೋಳ. ಎರಡು ಪೈಪುಗಳ ತುದಿಗೆ, ಅಲ್ಲಾಡುವ ನೀರಿನ ಮೇಲೆ, ಐದು ಚೀಲ ಜೋಳ ತೂಗಿಬಿಟ್ಟ ಹಾಗೆ. ಅದೂ ನಿಂತ ಭಾರವಲ್ಲ. ದೋಣಿಯ ಬೆನ್ನು ಏರಿ ಇಳಿದಾಗಲೆಲ್ಲ ಆ ಭಾರ ಒಂದು ಸಲ ಇಮ್ಮಡಿಯಾಗಿ ಜಗ್ಗುತ್ತದೆ, ಒಂದು ಸಲ ಹಗುರಾಗಿ ಹಾರುತ್ತದೆ. ಜೋಕಾಲಿ ಕಟ್ಟಿದ ಟೊಂಗೆ ಮುರಿಯುವುದು ಹುಡುಗಿ ಕೂತಾಗಲ್ಲ, ಜೀಕಿದಾಗ. ಪಂಚಮಿಯ ಹಬ್ಬದಲ್ಲಿ ಇದನ್ನು ಊರಿಗೆ ಊರೇ ಕಲಿತಿದೆ, ಪುಸ್ತಕ ಹಿಡಿದ ನಾನೊಬ್ಬ ಮರೆತಿದ್ದೆ.

"ಪೈಪಿಗೆ ನಾ ಗ್ಯಾರಂಟಿ ಕೊಡ್ತೀನ್ರಿ," ಎಂದ ಅವನು, "ಪೈಪು ಕೂಡೋ ಜಾಗಕ್ಕ ಅಲ್ಲ." ಡೆಕ್ಕಿನ ಕೆಳಗೆ ದಪ್ಪ ತಗಡು ಕೊಟ್ಟು ಬೋಲ್ಟು ಬಿಗಿಯದಿದ್ದರೆ ಡೇವಿಟ್ಟು ಗಟ್ಟಿಯಾಗಿಯೇ ಉಳಿದು ದೋಣಿಯ ಹಿಂಬದಿಯನ್ನು ಕಿತ್ತುಕೊಂಡು ಹೋಗುತ್ತದೆ ಎಂದು ಅವನು ಕೈಯಲ್ಲಿ ಮಾಡಿ ತೋರಿಸಿದ. ಮಣ್ಣಿನ ಗೋಡೆಯ ಮಾತನ್ನೇ ಅವನೂ ಆಡುತ್ತಿದ್ದ.

ರಾತ್ರಿ ಹುಡುಗನಿಗೆ ಸುದ್ದಿ ಮುಟ್ಟಿಸಿದೆ. ಅವನ ಕಡೆ ನಸುಕು, ಸೇಡು ತೀರಿತು. ತಳದ ಬಿರಡಿ ತೆಗೆದೇ ಎತ್ತುತ್ತಾರೆ ಮಾಮಾ, ಮಳೆ ನೀರು ಸೋರಿ ಹೋಗುತ್ತದೆ ಎಂದ. ಬಿರಡಿ ತೆಗೆಯಲು ಮರೆತರೆ? ಎಲೆ-ಕಸ ತೂತಿಗೆ ಅಡ್ಡ ಬಂದರೆ? ಸುಮ್ಮನಾದ. ಮರುದಿನದಿಂದ ಅವನೂ ಲೆಕ್ಕ ಸುರು ಮಾಡಿದ. ಸೆಕೆಂಡ್ ಹ್ಯಾಂಡ್ ಜೊತೆಯೊಂದು ನೋಡಿ ಬಂದ. ತೋಳುಗಳ ನಡುವಿನ ಅಂತರಕ್ಕೂ ತನ್ನ ಡಿಂಗಿಯ ಕೊಂಡಿಗಳಿಗೂ ಮೇಳವಿರಲಿಲ್ಲ. ದಪ್ಪ ಹಲಗೆಯಿಂದ ಮಾಡಿಕೊಂಡವರನ್ನು ಕಂಡು ಬಂದ. ಅಗ್ಗ, ಮಾಡಿದವನ ಕೈಗುಣದ ಮೇಲೆ ಹೋಗುತ್ತದೆ ಎಂದ. ಇನ್ನೊಂದು ವಿಚಾರ ಕೇಳಿ ಅವನಿಗೇ ತಲೆ ಗಿರ್ರೆಂದಿತು. ದೋಣಿ ಕಟ್ಟುವ ಖಾಸಗಿ ಬಂದರುಗಳಲ್ಲಿ ಬಾಡಿಗೆ ಉದ್ದದ ಮೇಲೆ, ಮತ್ತು ಎಷ್ಟೋ ಕಡೆ ಹಿಂದೆ ಚಾಚಿದ ಡೇವಿಟ್ಟನ್ನೂ ಉದ್ದಕ್ಕೆ ಹಿಡಿದು ಅಳೆಯುತ್ತಾರೆ. ಅಗ್ಗದ ಡೇವಿಟ್ಟಿಗೆ ತಿಂಗಳು ತಿಂಗಳು ಬಾಡಿಗೆ. ಬಾಲ ಬೆಳೆದಷ್ಟೂ ಸುಂಕ.

ಡೇವಿಟ್ಟಿನ ಮಾತು ಬಂದಾಗ ದೊಡ್ಡ ಹಡಗುಗಳ ಕಥೆಯೂ ಬರುತ್ತದೆ. ಕಾರವಾರ, ಮಂಗಳೂರಿನ ಬಂದರಿನಲ್ಲಿ ನಿಂತ ಹಡಗಿನ ಪಕ್ಕೆಗೆ ಕಿತ್ತಳೆ ಬಣ್ಣದ ದೋಣಿಗಳು ತೂಗುತ್ತಿರುವುದನ್ನು ನೀವೂ ನೋಡಿರಬಹುದು. ಅವುಗಳನ್ನು ಹಿಡಿದ ತೋಳುಗಳೂ ಡೇವಿಟ್ಟೇ. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ಮೇಲೆ ಸ್ವೀಡನ್ನಿನ ಅಕ್ಸೆಲ್ ವೆಲಿನ್ ಎಂಬಾತ ರೂಪಿಸಿದ ಹದಿನಾರು ಜೊತೆ ಡೇವಿಟ್ಟುಗಳಿದ್ದವು. ಒಂದೊಂದು ಜೊತೆಯೂ ಒಂದಕ್ಕಿಂತ ಹೆಚ್ಚು ದೋಣಿಗಳನ್ನು ಒಂದರ ಹಿಂದೊಂದು ಇಳಿಸಬಲ್ಲದ್ದು. ಆದರೂ ಹಡಗಿನಲ್ಲಿ ಇದ್ದದ್ದು ಇಪ್ಪತ್ತೇ ದೋಣಿ, 1178 ಜನಕ್ಕೆ ಜಾಗ. ಹಡಗಿನ ಮೇಲೆ ಸುಮಾರು 2200 ಜನ. ಗೂಟ ಗಟ್ಟಿ ಹುಗಿದಿದ್ದರು, ಎತ್ತು ಕಟ್ಟಿರಲಿಲ್ಲ. ನಮ್ಮ ಹುಡುಗನದು ಇದರ ತಿರುವು. ಎತ್ತು ಕೊಂಡು ಬಂದು ಗೂಟಕ್ಕಾಗಿ ಊರೂರು ಅಲೆಯುತ್ತಿದ್ದ. ಎತ್ತು ಅಷ್ಟು ದೊಡ್ಡದು ಯಾಕೆ ಬೇಕಿತ್ತು ಎಂದು ಅವನೂ ಕೇಳಿಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದನ್ನು ಕೇಳಿದವನು ನಮ್ಮೂರಿನ ತುಂಗಭದ್ರಾ ಹೊಳೆಯ ದಂಡೆಯ ಅಂಬಿಗ. ಸಂಜೆ ವೀರಭದ್ರೇಶ್ವರನ ಗುಡಿಗೆ ಹೋಗಿ ಹಾಗೆಯೇ ಹೊಳೆಗೆ ಇಳಿಯುವುದು ನನ್ನ ರೂಢಿ. ಆ ಹೊತ್ತಿಗೆ ಅವನು ಬಲೆ ಬಿಟ್ಟು ಬರುತ್ತಾನೆ. ಅವನ ತೆಪ್ಪ, ಅಂದರೆ ಬುಟ್ಟಿದೋಣಿ, ದಂಡೆಗೆ ತಾಗಿದ ಮೇಲೆ ನಡೆಯುವುದನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ನೋಡಿಲ್ಲ! ಅಂದು ಮಾತ್ರ ಟಿಕೇಟು ತೆಗೆಸಿ ನೋಡಿದವನಂತೆ ನೋಡಿದೆ. ನೀರಿಗೆ ಕಾಲಿಟ್ಟು ಇಳಿದ. ತೆಪ್ಪದ ಅಂಚು ಹಿಡಿದು ಒಂದು ಮಗ್ಗುಲಿಗೆ ಎತ್ತಿದ. ತಳದಲ್ಲಿ ನಿಂತ ನೀರು ತಾನಾಗಿ ಸುರಿದು ಹೋಯಿತು. ಬಗ್ಗಿ ಬೆನ್ನು ಕೊಟ್ಟ, ಎದ್ದ. ದೊಡ್ಡ ಕಪ್ಪು ಛತ್ರಿಯೊಂದಕ್ಕೆ ಎರಡು ಕಾಲು ಮೂಡಿ ದಂಡೆ ಹತ್ತಿ ಹೋದ ಹಾಗೆ ಕಂಡಿತು. ಬೇವಿನ ಗಿಡದ ಬುಡದಲ್ಲಿ ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ, ಹುಟ್ಟನ್ನು ಅದರಡಿ ಸರಿಸಿ ಬೀಡಿ ಹಚ್ಚಿದ. ಎಲ್ಲಕ್ಕೂ ಹಿಡಿದದ್ದು ಎರಡು ನಿಮಿಷ. ಬೋರಲು ಬಿದ್ದ ದೋಣಿಯಲ್ಲಿ ಮಳೆ ತುಂಬುವುದಿಲ್ಲ, ಬಿರಡಿ ತೆಗೆಯಲು ಮರೆಯುವ ಪ್ರಶ್ನೆಯೇ ಇಲ್ಲ.

ಈ ತೆಪ್ಪದ ಆಕಾರ ನೂರಾರು ವರ್ಷದಿಂದ ಬದಲಾಗಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ಕೆಳಗಿನ ದಂಡೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿದೆ, ಹೊರಗೆ ಚರ್ಮ ಹೊದಿಸಿದ್ದಾರೆ, ಹದಿನೈದು ಇಪ್ಪತ್ತು ಜನ ಕೂಡುತ್ತಾರೆ, ಹುಟ್ಟು ಹಾಕಿದರೆ ಸುತ್ತು ತಿರುಗುತ್ತಲೇ ಹೋಗುತ್ತದೆ ಎಂದು. ಪಾಪ, ತಲೆ ತಿರುಗಿರಬೇಕು. ಚರ್ಮ ಹೋಗಿ ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದಿದೆ, ಮೇಲೆ ಡಾಂಬರು ಬಂದಿದೆ. ಒಳಗಿನ ಸೀಳು ಬಿದಿರಿನ ಹೆಣಿಗೆ ಹಾಗೆಯೇ ಇದೆ. ವೇಲ್ಸ್ ದೇಶದ ತೈವಿ ಹೊಳೆಯ ಮೀನುಗಾರರೂ ಇಂಥದೇ ಒಂದು ಬುಟ್ಟಿದೋಣಿಯನ್ನು ಪಟ್ಟಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಮನೆಗೆ ನಡೆಯುತ್ತಿದ್ದರು. ಮದ್ರಾಸಿನಲ್ಲಿ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ಪಂಡಿತ ಈ ಎರಡೂ ಕಡೆಯ ದೋಣಿಗಳ ಬೆನ್ನು ಹತ್ತಿ ಬರೆದಿದ್ದಾನೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಹೊಳೆಯ ಜನ ದೋಣಿಯ ಅಳತೆಯನ್ನು ಬೆನ್ನಿನಿಂದಲೇ ತೆಗೆದಿದ್ದಾರೆ.

ಅಂಬಿಗನಿಗೆ ನಮ್ಮ ಹುಡುಗನ ಸಂಕಟ ಹೇಳಿದೆ. ಅವನು ಎರಡು ದಮ್ಮು ಎಳೆದು ಹೊಗೆ ಬಿಟ್ಟ.

"ಮಾಸ್ತರ, ಆ ಸಣ್ಣ ದೋಣಿ ಒಬ್ಬನ ಕೈಲೆ ಏಳ್ತತೇನ್ರಿ?"

"ಇಲ್ಲ. ನೂರಾ ಮೂವತ್ತು ಕಿಲೋ."

"ಮತ್ತ ಅದು ಸಣ್ಣದು ಹೆಂಗ ಆತ್ರಿ?"

ಮೂರು ತಿಂಗಳ ಫೋನು, ಒಂದು ನಕ್ಷೆ, ಒಂದು ಬಸ್ಸಿನ ಪ್ರಯಾಣ, ಅಯಸ್ಕಾಂತ, ಮಾಲಿಬ್ಡಿನಂ ಎಲ್ಲ ಆ ಮಾತಿನ ಮುಂದೆ ಬೋರಲು ಬಿದ್ದವು. ನಾವು ಅಗ್ಗದ ಡೇವಿಟ್ಟು ಹುಡುಕುತ್ತಿದ್ದೆವು, ತುಟ್ಟಿಯಾಗಿದ್ದದ್ದು ಡಿಂಗಿ.

ಮನೆಗೆ ಬರುವಾಗ ಇನ್ನೊಂದು ಮಾತು ತಲೆಗೆ ಬಂದು ನಗು ಬಂತು. ನಮ್ಮ ಊರಿನ ಹೆಸರು ನಾಡಿಗೆ ಗೊತ್ತಾದದ್ದೇ ಎತ್ತುವುದರಿಂದ. ಸಿಂಗಟಾಲೂರು ಎಂದರೆ ಪತ್ರಿಕೆ ಓದುವವರ ಬಾಯಿಗೆ ತಟ್ಟನೆ ಬರುವುದು ಏತ ನೀರಾವರಿ. ಹಮ್ಮಿಗಿಯ ಹತ್ತಿರ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ನೀರು ನಿಲ್ಲಿಸಿ, ಪಂಪುಗಳಿಂದ ಮೇಲೆತ್ತಿ ಗದಗ, ಕೊಪ್ಪಳ ಸೀಮೆಯ ಒಣಭೂಮಿಗೆ ಕಳಿಸುವ ಯೋಜನೆ. ಅಜ್ಜನ ಕಾಲದ ಏತಕ್ಕೆ ಒಂದು ಕವಲುಗಂಬ, ಒಂದು ಉದ್ದ ತೊಲೆ, ತೊಲೆಯ ಹಿಂದೆ ಕಲ್ಲು, ಮುಂದೆ ಬುಟ್ಟಿ. ಕಲ್ಲು ಎಷ್ಟು ಭಾರವಿರಬೇಕು ಎಂಬುದನ್ನು ತುಂಬಿದ ಬುಟ್ಟಿ ಹೇಳುತ್ತಿತ್ತು. ಈಗಿನ ಏತ ದೊಡ್ಡದು. ಅದಕ್ಕೆ ಜಾಕ್‌ವೆಲ್ಲು, ವಿದ್ಯುತ್ತು, ಟೆಂಡರು, ನೀರಿನಡಿ ಹೋದ ಹೊಲ-ಮನೆಗಳಿಗೆ ಪರಿಹಾರ, ಆ ಪರಿಹಾರಕ್ಕೆ ಧರಣಿ. ಎತ್ತುವ ಭಾರ ಬೆನ್ನಿನ ಅಳತೆ ದಾಟಿದ ಮೇಲೆ ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಆಕ್ಲೆಂಡಿನವನು ಗದಗಿಗೆ ಫೋನು ಮಾಡಬೇಕಾಗಿರಲಿಲ್ಲ, ನಾನು ಮನೆಯ ಮಾಳಿಗೆ ಹತ್ತಿ ನಿಂತಿದ್ದರೂ ಸಾಕಿತ್ತು. ಆದರೆ ಹೊಲಕ್ಕೆ ನೀರು ಬೇಡ ಎನ್ನುವ ರೈತ ಇಲ್ಲ. ನಾನೂ ಅನ್ನುವುದಿಲ್ಲ.

ಹುಡುಗ ಮೊದಲು ಒಪ್ಪಲಿಲ್ಲ. ದೊಡ್ಡ ಎಂಜಿನಿನ ಡಿಂಗಿ ನೀರಿನ ಮೇಲೆ ಹಾರುತ್ತದೆ, ಚಿಕ್ಕದು ತೆವಳುತ್ತದೆ, ಮಳೆ-ಗಾಳಿಯಲ್ಲಿ ದಂಡೆ ದೂರವಿದ್ದರೆ ಹರಣವೇ ಬಾಯಿಗೆ ಬರುತ್ತದೆ ಎಂದ. ಅದೂ ನಿಜವೇ. ಅಂಬಿಗನಿಗೆ ಹೊಳೆಯ ಅಗಲ ಗೊತ್ತು, ಸಮುದ್ರದ್ದು ಗೊತ್ತಿಲ್ಲ. ಕೊನೆಗೆ ಅವನು ನಡುದಾರಿ ಹಿಡಿದ. ಹಳೆಯ ಡಿಂಗಿಯನ್ನೂ ಎಂಜಿನನ್ನೂ ಮಾರಿದ. ಮೂವತ್ತು ಕಿಲೋದ ಹಗುರ ಡಿಂಗಿ, ಹದಿನೇಳು ಕಿಲೋದ ಪುಟ್ಟ ಎಂಜಿನು ಕೊಂಡ. ಎಂಜಿನನ್ನು ಬಿಚ್ಚಿ ಕೈಯಿಂದಲೇ ಎತ್ತಿ ಕಟಾಂಜನಕ್ಕೆ ಸಿಕ್ಕಿಸುತ್ತಾನೆ. ಹಾಯಿ ಏರಿಸಲು ಕಂಬದ ಮೇಲಿರುವ ರಾಟೆ-ಹಗ್ಗಕ್ಕೆ ಡಿಂಗಿಯ ಮೂತಿ ಕಟ್ಟಿ ಎಳೆದು, ಮುಂದಿನ ಡೆಕ್ಕಿನ ಮೇಲೆ ಬೋರಲು ಹಾಕಿ ಬಿಗಿಯುತ್ತಾನೆ. ಡೇವಿಟ್ಟು ಬೇಕಾಗಲೇ ಇಲ್ಲ. ಜಂತಿ ಮೊದಲಿನಿಂದಲೂ ಅಲ್ಲಿಯೇ, ಅವನ ತಲೆಯ ಮೇಲೆ ನಿಂತಿತ್ತು. ಬೋರಲು ಹಾಕಿದ ಡಿಂಗಿಯ ಫೋಟೋ ಕಳಿಸಿದ್ದಾನೆ. ಅಂಬಿಗನಿಗೆ ತೋರಿಸಿದೆ. ಮೇಲೆ ಕಲ್ಲು ಇಟ್ಟಿಲ್ಲವಲ್ಲ ಎಂದ.

ವೆಲ್ಡಿಂಗಿನವನಿಗೆ ಮಾತ್ರ ಮುಖ ತೋರಿಸುವುದು ಹೇಗೆ ಎಂದು ನಾಲ್ಕು ದಿನ ತಡೆದೆ. ಅರ್ಧ ದಿನ ಕೂಡಿಸಿಕೊಂಡು ಪಾಠ ಹೇಳಿ ಚಹಾ ಕುಡಿಸಿ ಕಳಿಸಿದ ಮನುಷ್ಯ. ಬರಿಗೈಲೆ ಹೋಗಲು ಮನಸ್ಸಾಗದೆ, ಅವ್ವ ಮಾಳಿಗೆಗೆ ಹತ್ತುವಾಗ ಹಿಡಿಯಲು ಏನೂ ಇಲ್ಲ, ಮೆಟ್ಟಿಲಿಗೆ ಒಂದು ಸ್ಟೀಲಿನ ಕಟಾಂಜನ ಬೇಕು ಎಂದೆ. ಡೇವಿಟ್ಟಿನ ನಕ್ಷೆಯ ಹಿಂದೆಯೇ, ನನ್ನ 375ರ ಲೆಕ್ಕದ ಕೆಳಗೆ, ಅಳತೆ ಬರೆದುಕೊಂಡ. 304ದೇ ಹಾಕಿದ, ಅಯಸ್ಕಾಂತ ತೆಗೆಯಲಿಲ್ಲ.

ಹಾಕಿ ಎರಡು ತಿಂಗಳಾಯಿತು. ಅವ್ವ ಅದನ್ನು ಹಿಡಿದು ಹತ್ತಿದ್ದು ನಾನು ಕಂಡಿಲ್ಲ. ದಿನಾ ಬೆಳಿಗ್ಗೆ ತೊಳೆದ ಸೀರೆ, ಕೌದಿ, ಒಮ್ಮೊಮ್ಮೆ ಹಸಿ ಜಮಖಾನ ಎಲ್ಲ ಅದರ ಮೇಲೆ ಹರವುತ್ತಾಳೆ. ನಿನ್ನೆ ವೆಲ್ಡಿಂಗಿನವನು ಈ ಕಡೆ ಯಾರದೋ ಗೇಟು ಕೂಡಿಸಲು ಬಂದವನು ನೋಡಿ ಬಾಗಿಲಲ್ಲೇ ನಿಂತ. "ಸರ, ನಾ ಅಂದಾಜು ಹಿಡಿದದ್ದು ಒಣಗಿದ ಅರಿವಿದು," ಎಂದ.